ದ್ಯಾವಪ್ಪನಿಗೆ ಹೇಳಿದ ಪಥ್ಯ

ಮಲಪ್ರಭೆಯ ದಂಡೆಯ ಆ ಆಶ್ರಮಕ್ಕೆ ಜನ ಮನಸ್ಸಿನ ಭಾರ ಇಳಿಸಿಕೊಳ್ಳಲು ಬರುತ್ತಿದ್ದರು. ನಿದ್ದೆ ಬಾರದವರು, ಕಾರಣ ತಿಳಿಯದೆ ಅಳುವವರು, ಮಾತು ನಿಂತುಹೋದ ಗಂಡ-ಹೆಂಡಿರು. ವರ್ಷಾನುಗಟ್ಟಲೆ ಅವರ ಮಾತು ಕೇಳಿದ ನಿರಂಜನಜ್ಜ, ಆ ಕೆಲಸವನ್ನು ಶಿಷ್ಯ ವಾಗೀಶನಿಗೆ ಒಪ್ಪಿಸಿದರು.

ಅವನ ಬಳಿ ಮೊದಲು ಬಂದವನು ನೇಕಾರ ದ್ಯಾವಪ್ಪ. ನೆಲ ನೋಡುತ್ತಲೇ ಹೇಳಿದ.

“ಮದುವಿಯಾಗಿ ಮೂರು ವರ್ಷಾತ್ರಿ. ಹೆಂಡ್ತಿ ಅಂದ್ರ ಜೀವ. ಆದ್ರ ಹತ್ರ ಹೋದ್ರ ಮೈ ಮರಗಟ್ಟತೈತಿ. ಎದ್ದು ಹೊರಗ ಬಂದುಬಿಡ್ತೀನಿ.”

ವಾಗೀಶ ಉತ್ಸಾಹದಿಂದ ಪ್ರಾಣಾಯಾಮ ಹೇಳಿಕೊಟ್ಟ.

ಎಂಟು ದಿನಕ್ಕೆ ದ್ಯಾವಪ್ಪ ಮರಳಿ ಬಂದ. ಏನೂ ಸುಧಾರಿಸಿರಲಿಲ್ಲ. ವಾಗೀಶ ಒಂದು ಬೇರು ಅರೆದು ಕೊಟ್ಟ.

ಮೂರನೆಯ ಸಲ ಬಂದಾಗ ದ್ಯಾವಪ್ಪನ ಕಣ್ಣು ಗುಳಿಬಿದ್ದಿದ್ದವು.

“ಧೈರ್ಯ ಮಾಡು,” ಎಂದ ವಾಗೀಶ. “ಗಂಡಸಲ್ಲೇನು ನೀನು?”

ಆಮೇಲೆ ದ್ಯಾವಪ್ಪ ಬರಲಿಲ್ಲ.

ಬಂದವಳು ಅವನ ಹೆಂಡತಿ ನೀಲವ್ವ. “ಮಗ್ಗ ಬಿಟ್ಟು ದಿನಾ ಹೊಳಿ ಮಡುವಿನ ಹತ್ರ ಹೋಗಿ ಒಬ್ಬರ ಕುಂದರ್ತಾರ. ನನಗ ಅಂಜಿಕಿ ಬಂದೈತಿ. ಏನು ಹೇಳೀರಿ ಅವರಿಗೆ?”

ವಾಗೀಶ ತಟ್ಟನೆ ಎದ್ದು ಒಳಗೆ ಹೋದ. ಗುರುವಿನ ಮುಂದೆ ನಡೆದದ್ದೆಲ್ಲ ಹೇಳಿದ. ಕಡೆಗೆ ತಾನು ಆಡಿದ ಮಾತನ್ನೂ ಮುಚ್ಚಿಡಲಿಲ್ಲ.

ಗುರು ಬೈಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟರು. ವಾಗೀಶ, ನೀಲವ್ವ ಹಿಂದೆ ನಡೆದರು.

ಮಡುವಿನ ದಂಡೆಯಲ್ಲಿ ದ್ಯಾವಪ್ಪನ ಪಕ್ಕ ಕುಳಿತರು. ನೀಲವ್ವನನ್ನೂ ಕೂರಿಸಿಕೊಂಡರು. ನೆರಳು ಉದ್ದವಾಯಿತು.

ಕೊನೆಗೆ ದ್ಯಾವಪ್ಪನೇ ಬಾಯಿಬಿಟ್ಟ. “ನನ್ನಿಂದ ಆಗೂದಿಲ್ರಿ ಅಜ್ಜಾರ.”

“ಏನಂತ ಅಂಜಿಕಿ?”

“ಈಕಿ ನಗ್ತಾಳಂತ.”

ನೀಲವ್ವ ಬೆಚ್ಚಿದಳು. “ನಾ ನಗೂದು? ನಾನಂದ್ರ ನಿಮಗ ಬ್ಯಾಸರ ಅಂತ ತಿಳದು ಮೂರು ವರ್ಷ ಅತ್ತೀನಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಒಂದು ಪಥ್ಯ ಹೇಳ್ತೀನಿ,” ಎಂದರು ಗುರು. “ಎರಡು ತಿಂಗಳು ನೀವು ಕೂಡಬಾರದು. ಸಂಜೀಕ ಪಡಸಾಲ್ಯಾಗ ಕೈ ಹಿಡಕೊಂಡು ಕುಂದರ್ರಿ. ಮನಸ್ಸಿಗೆ ಬಂದದ್ದು ಮಾತಾಡ್ರಿ. ಅದಕ್ಕಿಂತ ಮುಂದ ಹೋದ್ರ ಪಥ್ಯ ಕೆಡತೈತಿ.”

ದ್ಯಾವಪ್ಪ ದೀರ್ಘವಾಗಿ ಉಸಿರು ಬಿಟ್ಟ. ಬಿಗಿದಿದ್ದ ಅವನ ಹೆಗಲು ಇಳಿದದ್ದನ್ನು ವಾಗೀಶ ಕಂಡ.

ಮರಳುವ ದಾರಿಯಲ್ಲಿ ತಡೆಯಲಾರದೆ ಕೇಳಿದ: “ಆಗೂದಿಲ್ಲ ಅಂತ ಬಂದವನಿಗೆ ನೀವೂ ಬ್ಯಾಡ ಅಂದ್ರಲ್ಲ ಗುರುಗಳ?”

“ಅವನ ಹೆಗಲು ಇಳದದ್ದು ನೋಡಿದಿಲ್ಲೋ?” ಎಂದರು ಗುರು.

ತಿಂಗಳು ತುಂಬುವ ಮೊದಲೇ ಗಂಡ-ಹೆಂಡತಿ ಇಬ್ಬರೂ ಬಂದರು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ದ್ಯಾವಪ್ಪ ತಲೆ ತಗ್ಗಿಸಿ ನಿಂತ.

“ತಪ್ಪಾತ್ರಿ ಅಜ್ಜಾರ. ಪಥ್ಯ ಮುರದ್ವಿ.”

ಗುರು ಅಂಗಳ ತುಂಬುವಂತೆ ನಕ್ಕರು.

ವಾಗೀಶ ಮುಂದೆ ಬಂದು ದ್ಯಾವಪ್ಪನ ಕೈ ಹಿಡಿದ. “ಅವತ್ತು ಆಡಬಾರದ್ದು ಆಡಿದೆ. ಕ್ಷಮಿಸಪ್ಪ.” ದ್ಯಾವಪ್ಪ ಆ ಕೈಯನ್ನು ಮೆಲ್ಲಗೆ ಒತ್ತಿದ.

ಅವರು ಹೋದ ಮೇಲೂ ವಾಗೀಶ ಅಲ್ಲಿಂದ ಕದಲಲಿಲ್ಲ.

“ಅವನಿಗೆ ಗುಣ ಆಗದಿದ್ರ ನಾನ ಸೋತ್ಹಂಗ ಅನಸ್ತಿತ್ತು ಗುರುಗಳ. ಅದಕ್ಕ ಅವಸರ ಬಿದ್ದೆ. ನಾಳೆ ಮತ್ತೊಬ್ಬರು ಬಂದ್ರ ಏನು ಮಾಡ್ಲಿ?”

“ಗುಣ ಮಾಡಾಕ ಹೋಗಬ್ಯಾಡ,” ಎಂದರು ಗುರು. “ಹತ್ರ ಕುಂದರು.”