ಹೊಳೆಯಾಚೆಯ ಮನೆ

"ಮೇಷ್ಟ್ರೇ, ಪುಸ್ತಕದಲ್ಲಿರುವ ಪ್ರಶ್ನೆಗಳೆಲ್ಲ ನನಗೆ ಬಾಯಿಗೆ ಬರುತ್ತವೆ. ನೀವು ಎಲ್ಲಿಂದ ಕೇಳಿದರೂ ಉತ್ತರ ಹೇಳುತ್ತೇನೆ. ಇನ್ನು ನಾನು ಓದಬೇಕಾದದ್ದು ಏನಿದೆ?"

ಹೀಗೆ ಕೇಳಿದವನು ಭರಮಗೌಡ. ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸ ಅವನದು. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರೆಲ್ಲ ಮಾಹಿತಿ ಸುರಕ್ಷತೆಯ ಮೊದಲ ಹಂತದ ಪರೀಕ್ಷೆ ಪಾಸು ಮಾಡಲೇಬೇಕೆಂದು ಅವನ ಕಚೇರಿಯಲ್ಲಿ ಆದೇಶವಾಗಿತ್ತು. ಅದಕ್ಕಾಗಿ ಅವನು ಮಡಿವಾಳಪ್ಪ ಮೇಷ್ಟ್ರ ತರಗತಿಗೆ ಬರುತ್ತಿದ್ದ. ಅಂದಿನ ಪಾಠ ಮುಗಿದು ಉಳಿದವರು ಹೊರಟು ಹೋಗಿದ್ದರು.

ಮೇಷ್ಟ್ರು ಬೋರ್ಡು ಒರೆಸುತ್ತಿದ್ದವರು ಕೈ ತಡೆದರು. "ಕೂತುಕೋ" ಎಂದರು. ತಾವೂ ಎದುರಿನ ಬೆಂಚಿನ ಮೇಲೆ ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಸಂಸ್ಥೆ ಇತ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಅದು ಆಸರೆ ಕೊಡುತ್ತಿತ್ತು. ಕಚೇರಿಯೇನೋ ಪೇಟೆಯ ನಡುವೆ ಎಲ್ಲರಿಗೂ ಕಾಣುವಂತೆ ಇತ್ತು. ಹೆಂಗಸರು ಇರುತ್ತಿದ್ದ ಮನೆಗಳು ಮಾತ್ರ ಹೊರಗಿನವರಿಗೆ ಗೊತ್ತಿರಲಿಲ್ಲ. ಊರಿನ ನಡುವೆ ಹೊಳೆ ಹರಿಯುತ್ತಿತ್ತು. ಈಚೆ ದಡದಲ್ಲಿ ಒಂದು ಮನೆ, ಆಚೆ ದಡದಲ್ಲಿ ಒಂದು ಮನೆ. ಯಾವ ಬಾಗಿಲಿಗೂ ಫಲಕವಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರು ಸೇರಿ ಬಾಡಿಗೆಗೆ ಹಿಡಿದ ಮನೆಯೆಂದು ನೆರೆಯವರು ತಿಳಿದಿದ್ದರು. ಹಾಗೆ ತಿಳಿದಿರುವುದೇ ಒಳಗಿದ್ದವರಿಗೆ ಗೋಡೆ, ಅದೇ ಬೀಗ.

ಕಚೇರಿಯ ಕಾಗದಪತ್ರ, ಕಂಪ್ಯೂಟರು, ಫೋನು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ದಮಯಂತಿ. ನಡುವಯಸ್ಸಿನ ಹೆಂಗಸು. ಮಾತು ಕಡಿಮೆ, ಮನಸ್ಸು ಮೆದು. ಅಳುತ್ತ ಬಂದವರನ್ನು ಕಂಡರೆ ಮೊದಲು ತನ್ನ ಡಬ್ಬಿ ಬಿಚ್ಚಿ ಊಟ ಮುಂದಿಡುವಳು. ಆಮೇಲೆ ಹೆಸರು ಕೇಳುವಳು. ಸಂಸ್ಥೆಯ ಮುಖ್ಯಸ್ಥೆ ಜುಬೇದಾ ಮೇಡಂ ಕೋರ್ಟು, ಪೊಲೀಸ್ ಠಾಣೆ ಎಂದು ಓಡಾಡುವಾಗ ಕಚೇರಿಯನ್ನು ಧೈರ್ಯವಾಗಿ ದಮಯಂತಿಯ ಕೈಗೆ ಬಿಟ್ಟು ಹೋಗುತ್ತಿದ್ದರು.

ಆ ಸಂಸ್ಥೆಗೂ ನಿನ್ನ ಕಚೇರಿಗೆ ಬಂದಂಥದೇ ಆದೇಶ ಬಂತು. ಗಡುವಿನೊಳಗೆ ಪರೀಕ್ಷೆ ಪಾಸಾಗದವರು ಆಮೇಲೆ ಕಂಪ್ಯೂಟರ್ ಮುಟ್ಟುವಂತಿಲ್ಲ. ದಮಯಂತಿ ಆದೇಶವನ್ನು ಎರಡೆರಡು ಸಲ ಓದಿದಳು. ಪರೀಕ್ಷೆ ಎಂಬ ಮಾತು ಕೇಳಿಯೇ ವರ್ಷಗಳಾಗಿದ್ದವು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾಯಿತು. ಜೊತೆಗಿದ್ದ ಚಿಕ್ಕ ವಯಸ್ಸಿನವರು ಲೀಲಾಜಾಲವಾಗಿ ಮುಗಿಸಿ ಎದ್ದರು. ಅವರಲ್ಲಿ ಯಾರೂ ನಗಲಿಲ್ಲ. ಆದರೆ ಎಲ್ಲರೂ ಒಳಗೊಳಗೇ ನಕ್ಕರೆಂದು ಆಕೆಗೆ ಅನ್ನಿಸಿತು. ಅನ್ನಿಸಿದ್ದು ಮನಸ್ಸಿನಲ್ಲಿ ನಾಟಿಕೊಂಡಿತು.

ಅಂದಿನಿಂದ ಹಟ ಹಿಡಿದು ಕೂತಳು. ಬಸ್ಸಿನಲ್ಲಿ ಪುಸ್ತಕ, ಒಲೆಯ ಮುಂದೆ ಪುಸ್ತಕ. ಪಾಸ್‌ವರ್ಡ್ ಹೇಗಿರಬೇಕು, ಗುರುತಿಲ್ಲದ ಮೇಲ್ ಬಂದರೆ ಏನು ಮಾಡಬೇಕು, ಕುರ್ಚಿ ಬಿಟ್ಟು ಏಳುವಾಗ ಪರದೆಗೆ ಏಕೆ ಲಾಕ್ ಹಾಕಬೇಕು ಎಂದು ಸಾರು ಕುದಿಯುವಾಗಲೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಸಾರು ಎಷ್ಟೋ ಸಲ ಉಕ್ಕಿತು. ಉತ್ತರಗಳು ಮಾತ್ರ ಒಂದೊಂದಾಗಿ ನಾಲಿಗೆಗೆ ಹತ್ತಿದವು.

ಆಕೆಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ತುಳಸಿ. ತುಳಸಿ ಆ ಸಂಸ್ಥೆಯ ಆಸರೆಗೆ ಬಂದವಳು. ಮಗಳೊಂದಿಗೆ ಹೊಳೆಯಾಚೆಯ ಮನೆಯಲ್ಲಿದ್ದಳು. ಬಂದ ಹೊಸದರಲ್ಲಿ ಬಾಗಿಲು ಸದ್ದಾದರೆ ಮಗುವನ್ನು ಎತ್ತಿಕೊಂಡು ಮೂಲೆ ಸೇರುತ್ತಿದ್ದಳು. ಈಗ ದರ್ಜಿ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುವ ಕೆಲಸ ಸಿಕ್ಕಿತ್ತು. ಮಗಳು ಶಾಲೆಗೆ ಸೇರಿದ್ದಳು. ವಕೀಲರನ್ನು ಕಾಣಲು ಕಚೇರಿಗೆ ಬಂದಾಗ ಕಾಯುವ ಹೊತ್ತಿನಲ್ಲಿ ತುಳಸಿ ದಮಯಂತಿಯ ಪುಸ್ತಕ ಕಸಿದುಕೊಂಡು ಪ್ರಶ್ನೆ ಕೇಳುವಳು.

"ಅಕ್ಕಾ, ಇದು ಹೇಳಿ. ಕಚೇರಿಗೆ ಒಬ್ಬರು ಫೋನ್ ಮಾಡುತ್ತಾರೆ. ನಾನು ನಿಮ್ಮವನೇ ಎನ್ನುತ್ತಾರೆ. ಬಹಳ ಅವಸರ ಮಾಡುತ್ತಾರೆ. ಆಗ ಏನು ಮಾಡಬೇಕು?"

"ಏನನ್ನೂ ಹೇಳಬಾರದು. ಹೆಸರು ಕೇಳಿಕೊಂಡು ಫೋನ್ ಇಡಬೇಕು. ನಮ್ಮ ದಾಖಲೆಯಲ್ಲಿರುವ ನಂಬರಿಗೆ ನಾವೇ ಫೋನ್ ಮಾಡಿ ವಿಚಾರಿಸಬೇಕು. ಮೇಲಿನವರಿಗೆ ತಿಳಿಸಬೇಕು."

"ಒಂದಕ್ಷರ ತಪ್ಪಿಲ್ಲ. ನೀವು ಪಾಸಾದಿರಿ ಬಿಡಿ" ಎಂದು ತುಳಸಿ ನಕ್ಕಳು. ಅವಳು ನಕ್ಕದ್ದನ್ನು ದಮಯಂತಿ ಅಂದೇ ಮೊದಲು ಕಂಡದ್ದು. ಆ ನಗು ತನ್ನ ಪಾಸಿಗಿಂತ ದೊಡ್ಡದೆಂದು ಆಕೆಗೆ ಆಗ ಅನ್ನಿಸಿತ್ತು.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಪೇಟೆಯ ಇನ್ನೊಂದು ತುದಿಯ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕಿತ್ತು. ಜುಬೇದಾ ಮೇಡಂ ಕೋರ್ಟಿಗೆ ಹೋಗಿದ್ದರು. ದಮಯಂತಿ ಕಚೇರಿಯಲ್ಲಿ ಕೂತು ಕೊನೆಯ ಸಲ ಅಭ್ಯಾಸದ ಪ್ರಶ್ನೆಗಳನ್ನು ಬಿಡಿಸುತ್ತಿದ್ದಳು. ಅದಕ್ಕೆ ಸಮಯದ ಮಿತಿ ಇತ್ತು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಆಗ ಫೋನ್ ಬಂತು.

ಗಂಡಸಿನ ದನಿ. ಮೆಲ್ಲಗಿನ, ಬಳಲಿದ ದನಿ. "ನಾನು ತುಳಸಿಯ ಸೋದರಮಾವ. ವಿಳಾಸ ಬೇಡ ಅಕ್ಕಾವರೇ, ಅದನ್ನು ನೀವು ಕೊಡಬಾರದೆಂದು ನನಗೂ ಗೊತ್ತು. ಮಗುವಿಗೆ ಉಬ್ಬಸ ಇದೆಯಲ್ಲ, ಅದರ ಔಷಧಿ ನಮ್ಮೂರಲ್ಲೇ ಸಿಗುವುದು. ನಿಮ್ಮ ಕಚೇರಿಗೇ ತಂದುಕೊಡುತ್ತೇನೆ. ಇವತ್ತೇ ಮಗುವಿಗೆ ಮುಟ್ಟಬೇಕು. ನೀವು ಹೊಳೆ ದಾಟಿಸಿ ಕಳಿಸಬೇಕಾದರೆ ಹೊತ್ತಾಗುತ್ತದೇನೋ ಎಂದು ಕೇಳಿದೆ."

ಮಗುವಿಗೆ ಉಬ್ಬಸ ಇದ್ದದ್ದು ನಿಜ. ಅದು ಮನೆಯವರಿಗಲ್ಲದೆ ಯಾರಿಗೆ ಗೊತ್ತಿರುತ್ತದೆ? ಗಡಿಯಾರ ಓಡುತ್ತಿತ್ತು. ಇನ್ನೂ ಕೆಲವು ಪ್ರಶ್ನೆಗಳು ಉಳಿದಿದ್ದವು. ದಮಯಂತಿ ಕಣ್ಣನ್ನು ಪರದೆಯ ಮೇಲೆಯೇ ಇಟ್ಟು ಹೇಳಿದಳು: "ಹೌದು, ಹೊಳೆ ದಾಟಬೇಕು. ಬೇಗ ತಂದುಕೊಡಿ."

ಫೋನ್ ಇಟ್ಟು ಉಳಿದ ಪ್ರಶ್ನೆಗಳನ್ನು ಮುಗಿಸಿದಳು. ಎಲ್ಲವೂ ಸರಿಯಾಗಿದ್ದವು. ಔಷಧಿ ಬಂದರೆ ತೆಗೆದಿಡಿ ಎಂದು ಪಕ್ಕದ ಕೋಣೆಯವರಿಗೆ ಹೇಳಿ ಪರೀಕ್ಷೆಗೆ ಹೊರಟಳು.

ಪರೀಕ್ಷೆ ಹೂವೆತ್ತಿದ ಹಾಗೆ ಆಯಿತು. ಮುಗಿದ ಕೂಡಲೇ ಪರದೆಯ ಮೇಲೆ ಫಲಿತಾಂಶ ಬಂತು. ಪಾಸು, ಅದೂ ಒಳ್ಳೆಯ ಅಂಕಗಳಲ್ಲಿ. ಬರುವ ದಾರಿಯಲ್ಲಿ ದಮಯಂತಿ ಫೇಡೆ ಕಟ್ಟಿಸಿಕೊಂಡಳು. ಮಾರನೆಯ ದಿನ ತುಳಸಿ ವಕೀಲರನ್ನು ಕಾಣಲು ಬರುವವಳಿದ್ದಳು. ಅವಳ ಬಾಯಿಗೆ ಮೊದಲ ಫೇಡೆ ಹಾಕಬೇಕು, ಆಮೇಲೆ ಉಳಿದವರಿಗೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಬೆಳಿಗ್ಗೆ ಫೇಡೆಯ ಪೊಟ್ಟಣ ಹಿಡಿದು ಕಚೇರಿಗೆ ಹೋದಳು. ಎಲ್ಲರೂ ನಿಂತಿದ್ದರು. ಯಾರೂ ಅವಳ ಪರೀಕ್ಷೆಯ ಸುದ್ದಿ ಕೇಳಲಿಲ್ಲ.

ಹೊಳೆಯಾಚೆ ಇದ್ದದ್ದು ಒಂದೇ ಶಾಲೆ. ಹಿಂದಿನ ದಿನ ಶಾಲೆ ಬಿಡುವ ಹೊತ್ತಿಗೆ ತುಳಸಿಯ ಗಂಡ ಅದರ ಗೇಟಿನಲ್ಲಿ ನಿಂತಿದ್ದ. ಅಪ್ಪನನ್ನು ಕಂಡ ಮಗು ಓಡಲಿಲ್ಲ, ಅಳಲಿಲ್ಲ. ನಿಂತಲ್ಲೇ ನಿಂತಿತು, ಉಸಿರು ಸಿಕ್ಕಿಕೊಂಡಿತು. ಕರೆದೊಯ್ಯಲು ಬಂದ ತುಳಸಿ ನಡುವೆ ನುಗ್ಗಿದಳು. ಅವನು ಅವಳ ಬಲಗೈಯನ್ನು ತಿರುಚಿದ. ಮಣಿಕಟ್ಟು ಮುರಿಯಿತು. ಶಿಕ್ಷಕಿಯರು ಕೂಗಿಕೊಂಡು ಓಡಿಬಂದ ಮೇಲೆ ಅವನು ಕೈಬಿಟ್ಟು ಓಡಿದ. ಮಗುವಂತೂ ಉಳಿಯಿತು. ಆದರೆ ಶಾಲೆಯವರೆಗೆ ಬಂದವನಿಗೆ ಮನೆ ಹುಡುಕುವುದು ಕಷ್ಟವಿರಲಿಲ್ಲ, ಆ ಮನೆ ಇನ್ನು ಗುಟ್ಟಿನ ಮನೆಯಾಗಿ ಉಳಿಯಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ಅಂದೇ ಗಂಟುಮೂಟೆ ಕಟ್ಟಿದರು. ಒಬ್ಬಳು ಹಸಿ ಬಾಣಂತಿ. ಇನ್ನೊಬ್ಬಳು ಆ ವಾರವಷ್ಟೇ ಬಂದವಳು, ಇಲ್ಲಿಗೆ ಯಾರೂ ಬರುವುದಿಲ್ಲವೆಂದು ಆಗತಾನೇ ನಂಬತೊಡಗಿದ್ದಳು. ತುಳಸಿಯನ್ನೂ ಮಗುವನ್ನೂ ದೂರದ ಇನ್ನೊಂದು ಸಂಸ್ಥೆಗೆ ಕಳಿಸಿಕೊಟ್ಟರು. ದರ್ಜಿಯ ಕೆಲಸ ಹೋಯಿತು. ಶಾಲೆ ಹೋಯಿತು.

ಜುಬೇದಾ ಮೇಡಂ ಕೇಳಿದರು: "ಅವನಿಗೆ ಹೊಳೆಯಾಚೆ ಎಂದು ಹೇಗೆ ತಿಳಿಯಿತು?"

ದಮಯಂತಿ ಫೇಡೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಔಷಧಿ ಬಂತೇ ಎಂದು ಪಕ್ಕದ ಕೋಣೆಯವರನ್ನು ಕೇಳಿದಳು. ಯಾರೂ ಬಂದಿರಲಿಲ್ಲ. ಆಗ ಎಲ್ಲರ ಮುಂದೆಯೇ ಹೇಳಿದಳು: "ನಾನು ಹೇಳಿದೆ ಮೇಡಂ."

ಫೋನಿನಲ್ಲಿ ನಡೆದ ಮಾತನ್ನೆಲ್ಲ ಒಪ್ಪಿಸಿದಳು. ಮೇಡಂ ಬೈಯಲಿಲ್ಲ. "ಇಷ್ಟೆಲ್ಲ ಓದಿದ್ದಿರಲ್ಲ, ದಮಯಂತಿಯವರೇ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಅರ್ಧ ಮಾತು ಆಕೆಯ ಕಿವಿಯಲ್ಲಿ ಹಾಗೇ ಉಳಿಯಿತು.

ಓದಿದ್ದು ಸುಳ್ಳಾಗಿರಲಿಲ್ಲ. ಆದರೆ ಆಕೆಯ ಮನಸ್ಸಿನಲ್ಲಿ ಮೋಸಗಾರನಿಗೆ ಒಂದು ರೂಪವಿತ್ತು. ಅವನು ಒರಟು ದನಿಯವನು, ವಿಳಾಸ ಕೇಳುವವನು, ಹೆದರಿಸುವವನು. ಬಂದವನು ಅಕ್ಕಾವರೇ ಎಂದ. ವಿಳಾಸ ಬೇಡವೆಂದ. ಮಗುವಿನ ಉಬ್ಬಸದ ಚಿಂತೆ ಮಾಡಿದ. ಉಬ್ಬಸ ಗೊತ್ತಿರುವವನು ಅಪ್ಪನೂ ಆಗಿರಬಹುದೆಂದು ಯೋಚಿಸಲು ಒಂದು ಗಳಿಗೆ ಸಾಕಿತ್ತು. ಆ ಗಳಿಗೆಯನ್ನು ಆಕೆ ಅಭ್ಯಾಸದ ಪ್ರಶ್ನೆಗಳಿಗೆ ಕೊಟ್ಟಿದ್ದಳು.

ಪ್ರಮಾಣಪತ್ರ ಬಂತು. ಕಂಪ್ಯೂಟರ್ ಮುಟ್ಟುವ ಅಧಿಕಾರ ಉಳಿಯಿತು. ದಮಯಂತಿ ಕೆಲಸ ಬಿಡಲು ಮುಂದಾದಳು. ಮೇಡಂ ಒಪ್ಪಲಿಲ್ಲ. ಬೇರೆಯವರು ಫೋನ್ ಎತ್ತಲಿ ಎಂದು ಬೇಡಿಕೊಂಡಳು. ಅದಕ್ಕೂ ಒಪ್ಪಲಿಲ್ಲ. ಪ್ರತಿ ಸಲ ಫೋನ್ ಸದ್ದಾದಾಗ ಆಕೆ ಎತ್ತಲು ಹೆದರುತ್ತಿದ್ದಳು. ಆದರೂ ಎತ್ತುತ್ತಿದ್ದಳು. ಹೆಸರು ಕೇಳಿಕೊಂಡು ಇಡುತ್ತಿದ್ದಳು.

ದಿನಗಳು ಹೋದವು. ಮಳೆಗಾಲ ಕಳೆಯಿತು. ಆಕೆಗೆ ಒಂದೇ ಆಸೆ ಉಳಿದಿತ್ತು. ತುಳಸಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು. ಅವಳು ಬೈದರೆ ಬೈಸಿಕೊಳ್ಳಬೇಕು. ಮುರಿದ ಕೈ ಕೂಡಿತೇ, ಸೂಜಿ ಹಿಡಿಯಲು ಬರುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಮೇಡಂಗೆ ಗೊತ್ತಿದ್ದದ್ದು ಆ ಇನ್ನೊಂದು ಸಂಸ್ಥೆಯ ಕಚೇರಿಯ ನಂಬರು ಮಾತ್ರ. ಒಂದು ದಿನ ದಮಯಂತಿ ಅಲ್ಲಿಗೆ ಫೋನ್ ಮಾಡಿದಳು.

ಎತ್ತಿದವಳು ಯಾರೋ ಹುಡುಗಿ. ದಮಯಂತಿ ತನ್ನ ಹೆಸರು, ಊರು, ಸಂಸ್ಥೆ ಎಲ್ಲ ಹೇಳಿದಳು. "ತುಳಸಿ ನನಗೆ ತಂಗಿ ಇದ್ದ ಹಾಗೆ. ವಿಳಾಸ ಬೇಡಮ್ಮ. ಅವಳು ಯಾವ ಕಡೆ ಇದ್ದಾಳೆ ಅಂತ ಅಷ್ಟು ಹೇಳಿದರೆ..."

ಹೇಳುತ್ತಿದ್ದಂತೆ ಆಕೆಗೆ ಅಳು ಬಂತು. ಇದೇ ಮಾತು, ಇದೇ ಮೆಲ್ಲಗಿನ ದನಿಯಲ್ಲಿ, ಅಂದು ಫೋನಿನಲ್ಲಿ ಆಕೆಯ ಕಿವಿಗೆ ಬಿದ್ದಿತ್ತು.

ಆ ಕಡೆಯಿಂದ ಹುಡುಗಿ ಹೇಳಿದಳು: "ಆ ಹೆಸರಿನವರು ನಮ್ಮಲ್ಲಿ ಇದ್ದಾರೆ ಅಂತಾಗಲೀ ಇಲ್ಲ ಅಂತಾಗಲೀ ನಾನು ಹೇಳುವ ಹಾಗಿಲ್ಲ ಅಮ್ಮಾ."

"ನಾನು ಅಳುತ್ತಿದ್ದೇನಮ್ಮಾ, ನಿನಗೆ ಕೇಳಿಸುತ್ತಿಲ್ಲವೇ?"

"ಕೇಳಿಸುತ್ತಿದೆ. ನಿಮ್ಮ ಹೆಸರು ಬರೆದುಕೊಂಡಿದ್ದೇನೆ. ಈಗ ಫೋನ್ ಇಡುತ್ತೇನೆ."

ಫೋನ್ ಕಟ್ಟಾಯಿತು. ದಮಯಂತಿ ರಿಸೀವರನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಮತ್ತೆ ಆ ನಂಬರಿಗೆ ಫೋನ್ ಮಾಡಲಿಲ್ಲ. ಅತ್ತಲಿಂದಲೂ ಯಾರೂ ಮಾಡಲಿಲ್ಲ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಭರಮಗೌಡ ಕೇಳಿದ: "ಹಾಗಾದರೆ ತುಳಸಿ ಎಲ್ಲಿದ್ದಾಳೆಂದು ಆ ಹೆಣ್ಣುಮಗಳಿಗೆ ಕೊನೆಗೂ ತಿಳಿಯಲೇ ಇಲ್ಲವೇ, ಮೇಷ್ಟ್ರೇ?"

"ತಿಳಿಯಲಿಲ್ಲ, ಇಡೀ ಕತೆಯಲ್ಲಿ ಸರಿಯಾಗಿ ನಡೆದದ್ದು ಅದೊಂದೇ."