ಕೆಂಚಿಯ ಸೋರೆ ಬುರುಡೆಗಳು

ಒಂದು ಕಾಡಿನಲ್ಲಿ ಒಂದು ಪ್ರೌಢಶಾಲೆ ಇತ್ತು. ನಗಬೇಡಿ, ನಿಜವಾಗಿಯೂ ಇತ್ತು. ದೊಡ್ಡ ಆಲದ ಮರದ ಕೆಳಗೆ ಆಮೆ ಮೇಷ್ಟ್ರು ಪಾಠ ಹೇಳುತ್ತಿದ್ದರು. ಅವರು ಒಂದು ಪಾಠ ಮುಗಿಸುವಷ್ಟರಲ್ಲಿ ಮಳೆಗಾಲವೇ ಮುಗಿದುಹೋಗುತ್ತದೆ ಎಂದು ಮರಿಗಳು ಗೇಲಿ ಮಾಡುತ್ತಿದ್ದವು. ಆದರೆ ಅವರು ಕಲಿಸಿದ್ದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ.

ಆ ವರ್ಷ ಮೇಷ್ಟ್ರು ಶಾಲೆಯಲ್ಲಿ ವಿಜ್ಞಾನ ಮೇಳ ನಡೆಯುತ್ತದೆ ಎಂದು ಸಾರಿದರು. "ಗೆದ್ದವರಿಗೆ ಹೊಳೆಯಾಚೆಯ ದೊಡ್ಡ ಶಾಲೆಯಲ್ಲಿ ಜಾಗ ಸಿಗುತ್ತದೆ. ಆದರೆ ಒಬ್ಬರಿಗೆ ಮಾತ್ರ," ಎಂದರು.

ಇದನ್ನು ಕೇಳಿ ಕೆಂಚಿ ಎಂಬ ಮುಂಗುಸಿಯ ಎದೆ ಢವಢವ ಹೊಡೆದುಕೊಂಡಿತು. ಕೆಂಚಿಗೆ ಓದು ಅಂದರೆ ಪ್ರಾಣ. ಇಲ್ಲಿ ಅವಳಿಗೆ ಅದೇ ಕೊನೆಯ ವರ್ಷ, ಈ ಶಾಲೆ ಬಿಟ್ಟರೆ ಕಾಡಿನಲ್ಲಿ ಬೇರೆ ಶಾಲೆ ಇರಲಿಲ್ಲ. ಮೇಳದಲ್ಲಿ ಗೆಲ್ಲದಿದ್ದರೆ ಅವಳ ಓದು ಅಲ್ಲಿಗೇ ನಿಂತುಹೋಗುತ್ತಿತ್ತು.

ಏನು ಮಾಡಬೇಕು ಎಂದು ಅವಳು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕಾಡುಹಂದಿಗಳು ಹೊರಳಾಡಿ ಹೊರಳಾಡಿ ಕಾಡಿನ ಕೆರೆ ಪೂರ್ತಿ ಬಗ್ಗಡವಾಗಿತ್ತು. ಮರಿಗಳು ಕಣ್ಣು ಮುಚ್ಚಿಕೊಂಡು ಆ ಕೆಸರು ನೀರನ್ನೇ ಕುಡಿಯುತ್ತಿದ್ದವು. "ಈ ನೀರನ್ನು ತಿಳಿ ಮಾಡಿ ತೋರಿಸ್ತೀನಿ," ಎಂದುಕೊಂಡಳು ಕೆಂಚಿ.

ಒಣಗಿದ ಸೋರೆ ಬುರುಡೆಗಳನ್ನು ಹುಡುಕಿ ತಂದಳು. ಹಲ್ಲಿನಿಂದಲೇ ಕಚ್ಚಿ ಕಚ್ಚಿ ಅವುಗಳ ಬಾಯಿ ಬಿಡಿಸಿದಳು. ಎಲ್ಲದಕ್ಕೂ ಕೆರೆಯ ನೀರು ತುಂಬಿದಳು. ಒಂದಕ್ಕೆ ಮರಳು ಹಾಕಿದಳು. ಒಂದಕ್ಕೆ ಹುಣಸೆ ಬೀಜದ ಪುಡಿ. ಒಂದಕ್ಕೆ ಕಾಡ್ಗಿಚ್ಚು ಸುಟ್ಟ ಜಾಗದ ಬೂದಿ. ಇನ್ನೊಂದಕ್ಕೆ ನುಗ್ಗೆ ಬೀಜ ಅರೆದು ಹಾಕಿದಳು. ಆಮೇಲೆ ದಿನವೂ ಅದೇ ಕೆಲಸ. ಕಲಕುವುದು, ಕಾಯುವುದು, ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡುವುದು.

ಮರಳು ಹಾಕಿದ್ದು ತಿಳಿಯಾಗಲೇ ಇಲ್ಲ. ಹುಣಸೆ ಬೀಜದ್ದು ಗಬ್ಬು ನಾತ ಹೊಡೆಯಿತು. ಬೂದಿ ಹಾಕಿದ ನೀರು ಕನ್ನಡಿಯ ಹಾಗೆ ತಿಳಿಯಾಯಿತು. ಕೆಂಚಿ ಕುಣಿದಾಡಿ ಒಂದು ಹನಿ ನೆಕ್ಕಿದಳು. ಅಯ್ಯಯ್ಯೋ, ನಾಲಿಗೆ ಚುರ್ ಎಂದು ಸುಟ್ಟುಹೋಯಿತು. ಅವತ್ತು ಪೂರ್ತಿ ಅವಳಿಗೆ ಊಟ ಸೇರಲಿಲ್ಲ. ನುಗ್ಗೆ ಬೀಜದ್ದೂ ಮೊದಲು ಕೆಟ್ಟಿತು. ಬೀಜ ಕಡಿಮೆ ಮಾಡಿದಳು, ಮತ್ತೆ ಹಾಕಿದಳು, ಇನ್ನೂ ಕಡಿಮೆ ಮಾಡಿದಳು. ಕೊನೆಗೆ ಸರಿಹೋಯಿತು. ಆ ನೀರು ಫಳಫಳ ಹೊಳೆಯುತ್ತಿರಲಿಲ್ಲ. ಆದರೆ ಕುಡಿಯಲು ಹಿತವಾಗಿತ್ತು.

"ಕೆಟ್ಟ ಬುರುಡೆಗಳನ್ನೆಲ್ಲ ಆಚೆ ಎಸೆಯೇ. ಸೋತಿದ್ದನ್ನು ಯಾರಾದರೂ ನಾಲ್ಕು ಜನರಿಗೆ ತೋರಿಸ್ತಾರಾ?" ಎಂದಳು ಅವಳ ತಾಯಿ.

"ಎಲ್ಲವನ್ನೂ ತರಬೇಕು ಅಂತ ಮೇಷ್ಟ್ರು ಹೇಳಿದ್ದಾರಮ್ಮ. ಯಾವುದು ಯಾಕೆ ಕೆಟ್ಟಿತು ಅಂತ ಹೇಳಿದರೆ ತಾನೇ ಒಳ್ಳೆಯದು ಹೇಗೆ ಬಂತು ಅಂತ ಗೊತ್ತಾಗೋದು?"

"ಏನೋಪ್ಪ, ನಿಮ್ಮ ಮೇಷ್ಟ್ರಿಗೂ ನಿನಗೂ ಸರಿಹೋಯಿತು," ಎಂದು ತಾಯಿ ಗೊಣಗಿದಳು.

ಅದೇ ತರಗತಿಯಲ್ಲಿ ಜೋಕಾಲಪ್ಪ ಎಂಬ ಮುಸುವ ಇದ್ದ. ಕಪ್ಪು ಮುಖ, ಉದ್ದ ಬಾಲ, ಬಾಲಕ್ಕಿಂತ ಉದ್ದ ನಾಲಿಗೆ. ಅವನಿಗೂ ಗೆಲ್ಲುವ ಆಸೆ ಇತ್ತು. ಕೆಲಸ ಮಾಡುವ ಆಸೆ ಮಾತ್ರ ಇರಲಿಲ್ಲ. "ಕೆಂಚಿ ಕೆಸರು ಕಲಸ್ತಾ ಕೂತಿರಲಿ. ಬುದ್ಧಿ ಇದ್ದವರಿಗೆ ಕೈ ಯಾಕೆ ಕೆಸರಾಗಬೇಕು?" ಎಂದು ಕೊಂಬೆಯ ಮೇಲೆ ಮಲಗಿ ನಗುತ್ತಿದ್ದ.

ಮೇಳದ ಹಿಂದಿನ ಸಂಜೆ ಕೆಂಚಿಯೂ ಅವಳ ತಾಯಿಯೂ ಊಟ ಹುಡುಕಲು ಹೋಗಿದ್ದರು. ಜೋಕಾಲಪ್ಪ ಮೆಲ್ಲಗೆ ಮರದಿಂದ ಇಳಿದ. ಒಂದೊಂದೇ ಬುರುಡೆಯೊಳಗೆ ಇಣುಕಿ ನೋಡಿದ. ಒಂದರಲ್ಲಿ ನೀರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಸಿಕ್ಕಿತು, ಇದೇ ಗೆಲ್ಲುವ ಬುರುಡೆ," ಎಂದು ಅದನ್ನೇ ಎತ್ತಿಕೊಂಡು ಮರ ಹತ್ತಿಬಿಟ್ಟ.

ಅದು ಯಾವ ಬುರುಡೆ ಅಂತ ನಿಮಗೆ ಗೊತ್ತಾಯಿತಲ್ಲ? ಅವನಿಗೆ ಗೊತ್ತಾಗಲಿಲ್ಲ. ಒಂದು ಹನಿ ಕುಡಿದು ನೋಡುವ ವ್ಯವಧಾನ ಅವನಿಗೆಲ್ಲಿಂದ ಬರಬೇಕು? ಬುರುಡೆಯ ಸುತ್ತ ಹೂವು ಸುತ್ತಿ ಸಿಂಗಾರ ಮಾಡಿದ. ಒಂದು ಭಾಷಣ ಬಾಯಿಪಾಠ ಮಾಡಿಕೊಂಡ. ಅಲ್ಲಿಗೆ ಅವನ ತಯಾರಿ ಮುಗಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಬೂದಿಯ ಬುರುಡೆ ಇಲ್ಲ. ಕೆಂಚಿ ಗಾಬರಿಯಾಗಿ ಪೊದೆ ಪೊದೆ ಹುಡುಕಿದಳು. ಎಲ್ಲೂ ಸಿಗಲಿಲ್ಲ. ಮೇಳಕ್ಕೆ ಹೊತ್ತಾಗಿತ್ತು. ಉಳಿದ ಬುರುಡೆಗಳನ್ನು ತಾಯಿಯ ಜೊತೆ ಹೊತ್ತುಕೊಂಡು ಆಲದ ಮರದ ಕಡೆಗೆ ಓಡಿದಳು.

ಅಲ್ಲಿ ತೀರ್ಪು ಕೊಡಲು ಆನೆ ಗೌರಜ್ಜಿ ಬಂದು ನಿಂತಿದ್ದರು. ಮೇಷ್ಟ್ರು ನಿಯಮ ಹೇಳಿದರು. "ಕುಡಿಯುವ ಪದಾರ್ಥ ತಂದವರು ಮೊದಲು ತಾವೇ ಕುಡಿಯಬೇಕು. ಇನ್ನೊಂದು ಮಾತು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕಿದರೆ ಮೇಳದಿಂದಲೇ ಹೊರಗೆ."

ಜೋಕಾಲಪ್ಪನ ಸರದಿ ಬಂತು. ಅವನು ಎದೆ ಉಬ್ಬಿಸಿಕೊಂಡು ನಿಂತ. "ಮಾನ್ಯ ತೀರ್ಪುಗಾರರೇ, ಪೂಜ್ಯ ಗುರುಗಳೇ, ನನ್ನ ನೆಚ್ಚಿನ ಸಹಪಾಠಿಗಳೇ, ಹಗಲಿರುಳು ದುಡಿದು ನಾನು ತಿಳಿ ಮಾಡಿದ ಕೆರೆಯ ನೀರು ಇದು."

ನೀರು ನೋಡಿ ಎಲ್ಲರೂ ಬೆರಗಾದರು. ಗೌರಜ್ಜಿ ಕೇಳಿದರು, "ಇದಕ್ಕೆ ಏನು ಹಾಕಿದೆಯಪ್ಪ?"

"ಅದು ಗುಟ್ಟು ಅಜ್ಜಿ. ಗೆದ್ದ ಮೇಲೆ ಹೇಳ್ತೀನಿ."

"ಆಗಲಿ. ಈಗ ಕುಡಿ."

ಜೋಕಾಲಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಬಾಯೊಳಗೆ ಕೆಂಡ ಬಿದ್ದ ಹಾಗಾಯಿತು. ಉಗುಳಿದರೆ ಬಹುಮಾನ ಹೋಯಿತು. ಕಣ್ಣು ಮುಚ್ಚಿ ಹೇಗೋ ನುಂಗಿದ.

"ಹೇಗಿದೆ?"

"ಎಳನೀರು ಕುಡಿದ ಹಾಗಿದೆ ಅಜ್ಜಿ."

"ಮತ್ತೆ ಕಣ್ಣಲ್ಲಿ ನೀರು ಯಾಕೋ?"

"ಸಂತೋಷಕ್ಕೆ ಅಜ್ಜಿ."

"ಹಾಗಾದರೆ ಮರಿಗಳಿಗೂ ಕೊಡು. ಪಾಪ, ಬೆಳಗಿನಿಂದ ಬಾಯಾರಿ ನಿಂತಿವೆ," ಎಂದರು ಗೌರಜ್ಜಿ.

ಇಲ್ಲಿಯವರೆಗೆ ಅವನ ಕಥೆ ಹೇಳುವಾಗ ನನಗೆ ನಗು ಬರುತ್ತಿತ್ತು. ಇನ್ನು ಬರುವುದಿಲ್ಲ. ಆ ನೀರು ಎಂಥದ್ದು ಎಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬುರುಡೆಯನ್ನು ಸಾಲಿನ ಮುಂದಿದ್ದ ಅಳಿಲಿನ ಮರಿಯ ಕೈಗೆ ಕೊಟ್ಟೇಬಿಟ್ಟ.

ಅಳಿಲಿನ ಮರಿ ಬುರುಡೆ ಎತ್ತಿದಾಗ ಸುತ್ತಿದ್ದ ಹೂವು ಜಾರಿ ಕೆಳಗೆ ಬಿತ್ತು. ಹಿಂದೆ ನಿಂತಿದ್ದ ಕೆಂಚಿಗೆ ಬುರುಡೆಯ ಅಂಚು ಕಾಣಿಸಿತು. ಅದರ ಮೇಲೆ ಅವಳದೇ ಹಲ್ಲಿನ ಗುರುತು ಇತ್ತು. ಅವಳ ಜೀವ ಝಲ್ಲೆಂದಿತು. ಬಾಯಿ ಬಿಟ್ಟರೆ ಮೇಳದಿಂದ ಹೊರಗೆ. ಹೊಳೆಯಾಚೆಯ ಶಾಲೆ ಕೈ ತಪ್ಪಿತು ಅಂತಲೇ ಲೆಕ್ಕ. ಅಳಿಲಿನ ಮರಿ ಬುರುಡೆಗೆ ಬಾಯಿ ಇಟ್ಟಿತು.

"ಕುಡೀಬೇಡ ಮರಿ, ಕುಡೀಬೇಡ!" ಎಂದು ಕಿರುಚುತ್ತಾ ಕೆಂಚಿ ಹಾರಿ ಬಂದು ಬುರುಡೆಯನ್ನು ಕಿತ್ತುಕೊಂಡಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು.

"ನೋಡಿ ಮೇಷ್ಟ್ರೇ, ನನ್ನ ಸರದಿಯಲ್ಲಿ ಬಾಯಿ ಹಾಕಿದಳು. ಅವಳನ್ನು ಹೊರಗೆ ಹಾಕಿ," ಎಂದ ಜೋಕಾಲಪ್ಪ.

ಮೇಷ್ಟ್ರು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರು. ಒಳಗಿನಿಂದಲೇ ಸಣ್ಣ ದನಿಯಲ್ಲಿ, "ನಿಯಮ ಮಾಡಿದವನು ನಾನೇ. ಈಗ ಏನು ಮಾಡಲಮ್ಮ ಕೆಂಚಿ?" ಎಂದರು.

"ನನ್ನನ್ನು ಹೊರಗೆ ಹಾಕಿ ಮೇಷ್ಟ್ರೇ. ಆದರೆ ಇದನ್ನು ಯಾರಿಗೂ ಕೊಡಬೇಡಿ. ಇದು ನನ್ನ ಬುರುಡೆ, ಅಂಚಿನ ಮೇಲೆ ನನ್ನ ಹಲ್ಲಿನ ಗುರುತಿದೆ. ಒಳಗಿರೋದು ಬೂದಿ ನೀರು. ಒಂದು ಹನಿಗೇ ನನ್ನ ನಾಲಿಗೆ ಸುಟ್ಟಿತ್ತು. ಈ ಮರಿಗಳ ಹೊಟ್ಟೆಗೆ ಹೋದರೆ ಗತಿ ಏನು?" ಎಂದಳು ಕೆಂಚಿ.

ಗೌರಜ್ಜಿ ಸೊಂಡಿಲಿನ ತುದಿಯನ್ನು ಉಳಿದ ನೀರಿಗೆ ಮುಟ್ಟಿಸಿದರು. ನೀರು ಜಾರುತ್ತಿತ್ತು, ಉರಿಯುತ್ತಿತ್ತು. "ಬೆಳ್ಳಗಿರುವುದೆಲ್ಲ ಹಾಲಲ್ಲ," ಎಂದು ಮೆಲ್ಲಗೆ ಹೇಳಿ ಮುಸುವನ ಕಡೆ ತಿರುಗಿದರು. "ಎಳನೀರು ಅಂದೆಯಲ್ಲ ಮಗಾ, ಬಾ, ಇನ್ನೊಂದು ಗುಟುಕು ಕುಡಿ."

ಜೋಕಾಲಪ್ಪ ಅತ್ತ ನೋಡಿದ, ಇತ್ತ ನೋಡಿದ. ಮೊದಲೇ ಕಪ್ಪಗಿದ್ದ ಮುಖ ಇನ್ನೂ ಕಪ್ಪಿಟ್ಟಿತು. ನಾಲಿಗೆ ಊದಿಕೊಳ್ಳತೊಡಗಿತ್ತು. ಒಂದೇ ಉಸಿರಿಗೆ ಕೆರೆಗೆ ಓಡಿ, ಹಂದಿಗಳು ಹೊರಳಾಡುತ್ತಿದ್ದ ಕೆಸರಿಗೇ ಬಾಯಿ ಹಾಕಿ ಗಟಗಟ ಕುಡಿದ. ಮಾಡಿದ್ದುಣ್ಣೋ ಮಾರಾಯ ಅಂತ ಹಿರಿಯರು ಸುಮ್ಮನೆ ಹೇಳಿದರೇ? ಆಮೇಲೆ ಎಷ್ಟೋ ದಿನ ಅವನು ಭಾಷಣ ಮಾಡಲಿಲ್ಲ. ಮೇಳದಿಂದಲೂ ಅವನ ಹೆಸರು ತೆಗೆದರು.

"ಈಗ ಕೆಂಚಿಯ ವಿಷಯ," ಎಂದರು ಗೌರಜ್ಜಿ. ಕೆಂಚಿಯ ತಾಯಿ ಉಸಿರು ಬಿಗಿ ಹಿಡಿದುಕೊಂಡಳು. "ಮೇಷ್ಟ್ರೇ, ಬುರುಡೆ ಯಾರದೋ, ಸರದಿಯೂ ಅವರದೇ. ಅವಳು ತನ್ನ ಬುರುಡೆಯ ಬಗ್ಗೆ ತಾನೇ ಮಾತಾಡಿದ್ದಾಳೆ. ನಿಯಮ ಎಲ್ಲಿ ಮುರಿಯಿತು?"

ಮೇಷ್ಟ್ರ ತಲೆ ಸರಕ್ಕನೆ ಹೊರಗೆ ಬಂತು. ಅವರು ಅಷ್ಟು ಬೇಗ ತಲೆ ಹೊರಗೆ ಹಾಕಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. "ಹೌದಲ್ಲ ತಾಯಿ. ಅಬ್ಬಾ, ನನ್ನ ಎದೆ ಮೇಲಿನ ಭಾರ ಇಳಿಯಿತು," ಎಂದರು.

ಕೆಂಚಿ ಬುರುಡೆಗಳನ್ನು ಸಾಲಾಗಿ ಇಟ್ಟಳು. ಇದು ಯಾಕೆ ತಿಳಿಯಾಗಲಿಲ್ಲ, ಅದು ಯಾಕೆ ನಾರಿತು, ನುಗ್ಗೆ ಬೀಜ ಹೆಚ್ಚಾದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಕೊನೆಗೆ ನುಗ್ಗೆಯ ನೀರನ್ನು ತಾನು ಕುಡಿದು ಮರಿಗಳಿಗೂ ಕೊಟ್ಟಳು. ಮರಿಗಳು ಚಪ್ಪರಿಸಿ ಕುಡಿದು ಇನ್ನೂ ಬೇಕು ಎಂದವು.

"ಹೊಳೆಯಾಚೆಯ ಶಾಲೆಗೆ ಹೋಗುವವಳು ಕೆಂಚಿ," ಎಂದು ಗೌರಜ್ಜಿ ಸೊಂಡಿಲೆತ್ತಿ ಸಾರಿದರು.

ಎಲ್ಲರೂ ಕೇಕೆ ಹಾಕಿದರು. ಕೆಂಚಿ ಮಾತ್ರ ಮರದ ಬೇರಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮೇಷ್ಟ್ರು ಮೆಲ್ಲಗೆ ಹತ್ತಿರ ಬಂದರು.

"ಗೆದ್ದೆಯಲ್ಲಮ್ಮ, ಯಾಕೆ ಅಳ್ತೀಯಾ?"

"ಗೆದ್ದಿದ್ದಕ್ಕಲ್ಲ ಮೇಷ್ಟ್ರೇ," ಎಂದಳು ಕೆಂಚಿ, ಕಣ್ಣೊರೆಸಿಕೊಳ್ಳುತ್ತಾ. "ಆ ಅಳಿಲಿನ ಮರಿ ಬಾಯಿ ಇಟ್ಟೇಬಿಟ್ಟಿತ್ತು. ಸದ್ಯ, ಕುಡಿಯಲಿಲ್ಲ."

ನೀತಿ: ಬೇರೆಯವರ ಕೆಲಸವನ್ನು ಕದಿಯಬಹುದು, ಆ ಕೆಲಸ ಕಲಿಸಿದ ತಿಳಿವಳಿಕೆಯನ್ನು ಕದಿಯಲಾಗದು. ಸ್ವಂತ ಶ್ರಮದಿಂದ ಕಲಿತವರೇ ತಾವೂ ಗೆಲ್ಲುತ್ತಾರೆ, ಇತರರನ್ನೂ ಕಾಪಾಡುತ್ತಾರೆ.