ತೂತಿನ ಸಿನಿಮಾ

ಕಾಡಿನ ಚಿತ್ರೋತ್ಸವಕ್ಕೆ ಕಂಬಳಿಹುಳು ಒಂದು ಸಿನಿಮಾ ಕೊಟ್ಟಿತು. ಮುತ್ತುಗದ ಎಲೆಯನ್ನು ಅಲ್ಲಲ್ಲಿ ತಿಂದು ತೂತು ಮಾಡಿತ್ತು, ಅಷ್ಟೇ. ಉತ್ಸವ ನಡೆಸುವ ನರಿ ಅದನ್ನು ಬಿಸಿಲಿಗೆ ತೂಗುಹಾಕಿದಾಗ ಪಾಳುಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ಕುಣಿಯತೊಡಗಿದವು. ಸಿನಿಮಾ ಆರಿಸುವವರು ಕಾಲೇಜಿನ ಗೂಬೆ ಮೇಷ್ಟ್ರು. ಮಾಡಿದವರ ಹೆಸರು ಮುಚ್ಚಿಟ್ಟೇ ತೋರಿಸಬೇಕು ಅನ್ನೋದು ನಿಯಮ.

“ಯಾರದಯ್ಯಾ ಇದು?” ಎಂದಿತು ಗೂಬೆ.

“ಹೇಳೋ ಹಾಗಿಲ್ಲ ಸಾರ್,” ಎಂದಿತು ನರಿ.

“ಯಾರದು ಅಂತ ಗೊತ್ತಾಗದೆ ಚೆನ್ನಾಗಿದೆ ಅಂತ ಹೇಗೆ ಹೇಳಲಿ? ಇರು, ಇದು ನಮ್ಮ ಶಿಷ್ಯ ದುಂಬಿಯ ಕೆಲಸವೇ. ಶೂನ್ಯದೊಳಗೆ ಎಂಥ ಅರ್ಥ ತುಂಬಿದಾನೆ ನೋಡು. ಮೊದಲ ದಿನವೇ ತೋರಿಸಿ.”

ಕಂಬಳಿಹುಳು ಖುಷಿ ತಡೆಯಲಾಗದೆ ಮುಂದೆ ಬಂತು. “ಸಾರ್, ಅದು ನಂದು.”

“ನೀನು ಯಾವ ಕಾಲೇಜು?”

“ಯಾವುದೂ ಇಲ್ಲ ಸಾರ್.”

“ಹಾಗಾದರೆ ಇದು ಸಿನಿಮಾ ಅಲ್ಲ, ನೀನು ತಿಂದು ಬಿಟ್ಟ ಎಂಜಲು. ನರಿ, ಇಳಿಸು ಇದನ್ನ.”

“ತೂತು ಅವೇ ಅಲ್ವಾ ಸಾರ್?” ಎಂದಿತು ನರಿ.

“ತೂತು ಅವೇ. ಬಾಯಿ ಬೇರೆ,” ಎಂದು ಗೂಬೆ ಎಲೆಗೆ ಅಡ್ಡವಾಗಿ ನಿಂತಿತು.

ಗೋಡೆಯ ಬುಡದಲ್ಲಿ ಆಗಲೇ ಸಾಲಾಗಿ ಕೂತಿದ್ದ ಇರುವೆಗಳು ಹೇಳಿದವು, “ಮೇಷ್ಟ್ರೇ, ಸ್ವಲ್ಪ ಪಕ್ಕಕ್ಕೆ ಸರೀರಿ. ಸಿನಿಮಾ ಕಾಣ್ತಿಲ್ಲ.”